ಯಾರ ಹಂಗಿನಲ್ಲಿ ಯಾರು: ಜಪಾನಿನ ಕಂಪನಿಗಳು ಊರಿಗೆ ಕೊಡುವ ಬಗೆ

ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಕುಮಾಮೊಟೊ ಎಂಬ ನಗರವಿದೆ. ಅಲ್ಲಿನ ಸುಮಾರು 7 ಲಕ್ಷ 40 ಸಾವಿರ ಜನರ ನಲ್ಲಿಗಳಲ್ಲಿ ಬರುವುದು ಪೂರ್ತಿ ಅಂತರ್ಜಲ. ಹೊಳೆಯಿಂದಾಗಲೀ ಅಣೆಕಟ್ಟಿನಿಂದಾಗಲೀ ಒಂದು ಕೊಡ ನೀರನ್ನೂ ತರುವುದಿಲ್ಲ. ಈ ನೀರು ನೆಲಕ್ಕಿಳಿಯುವ ಮುಖ್ಯ ಜಾಗ ನಗರದ ಈಶಾನ್ಯಕ್ಕಿರುವ ಓಝು, ಕಿಕುಯೊ ಊರುಗಳ ಗದ್ದೆಬಯಲು. ಆಸೊ ಜ್ವಾಲಾಮುಖಿಯ ಬೂದಿಯಿಂದಾದ ಆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಕಟ್ಟಿದ್ದೆಲ್ಲ ಇಂಗಿಹೋಗುತ್ತದೆ. ನಾನೂರು ವರ್ಷಗಳ ಹಿಂದೆ ಕಾಟೊ ಕಿಯೊಮಾಸ ಎಂಬ ಪಾಳೆಯಗಾರ ಶಿರಾಕಾವಾ ನದಿಯಿಂದ ಕಾಲುವೆ ತೋಡಿಸಿ ಅಲ್ಲಿ ಭತ್ತದ ಬೇಸಾಯ ಬೆಳೆಸಿದ. ರೈತರು ಬೆಳೆಗೆಂದು ಹರಿಸಿದ ನೀರು, ಅವರಿಗೇ ಅರಿವಿಲ್ಲದಂತೆ, ಕೆಳಗಿನ ನಗರದ ಕುಡಿಯುವ ನೀರಾಗುತ್ತ ಬಂತು.

1970ರಿಂದ ಸರ್ಕಾರ ಭತ್ತದ ವಿಸ್ತೀರ್ಣ ಇಳಿಸುವ ನೀತಿ ತಂದಿತು. ಗದ್ದೆಗಳಲ್ಲಿ ಗೋಧಿ, ಸೋಯಾ, ಕ್ಯಾರೆಟ್ ಬಂದವು. ಆಮೇಲೆ ಮನೆಗಳು, ಕಾರ್ಖಾನೆಗಳು ಬಂದವು. ಅಂತರ್ಜಲದ ಮಟ್ಟ ಇಳಿಯತೊಡಗಿತು. ಇಂಥ ಹೊತ್ತಿನಲ್ಲೇ, 2001ರಲ್ಲಿ, ಸೋನಿ ಕಂಪನಿಯ ಸೆಮಿಕಂಡಕ್ಟರ್ ಕಾರ್ಖಾನೆ ಕಿಕುಯೊದಲ್ಲಿ ಕೆಲಸ ಶುರುಮಾಡಿತು. ಚಿಪ್ ತಯಾರಿಕೆಗೆ ಬೇಕಾಗುವಷ್ಟು ಶುದ್ಧ ನೀರು ಬೇರೆ ಹೆಚ್ಚಿನ ಉದ್ಯಮಗಳಿಗೆ ಬೇಕಾಗುವುದಿಲ್ಲ. ಊರಿನವರು ಕೇಳಿದ ಪ್ರಶ್ನೆ ನೇರವಾಗಿತ್ತು: ನೀವು ತೆಗೆಯುವ ನೀರಿಗೆ ಏನು ಮಾಡುತ್ತೀರಿ?

ಉತ್ತರ ಸಿಕ್ಕಿದ್ದು 2003ರಲ್ಲಿ. ಸೋನಿ, ಸ್ಥಳೀಯ ಪರಿಸರ ಸಂಘಟನೆ, ರೈತರ ಸಹಕಾರ ಸಂಘ, ಕಾಲುವೆ ನೋಡಿಕೊಳ್ಳುವ ಸಂಘ ಸೇರಿ ಒಂದು ಏರ್ಪಾಟು ಮಾಡಿಕೊಂಡವು. ಭತ್ತ ಹಾಕದ ಹೊಲಗಳಲ್ಲಿ ರೈತರು ಬೆಳೆಯ ಮೊದಲೋ ನಂತರವೋ ಒಂದರಿಂದ ಮೂರು ತಿಂಗಳು ನೀರು ಕಟ್ಟಿ ನಿಲ್ಲಿಸುತ್ತಾರೆ. ಅದರ ಖರ್ಚನ್ನು ಕಂಪನಿ ಕೊಡುತ್ತದೆ. ಹೀಗೆ ನೀರು ಕಟ್ಟುವುದರಿಂದ ಕಳೆ ಕಡಿಮೆಯಾಗುತ್ತದೆ, ಮಣ್ಣಿನ ಹುಳುಬಾಧೆಯೂ ತಗ್ಗುತ್ತದೆ. ಹಾಗಾಗಿ ರೈತರಿಗೂ ಇದು ಬರಿಯ ಕೂಲಿಯ ಕೆಲಸವಲ್ಲ. ಮರುವರ್ಷ ಕುಮಾಮೊಟೊ ನಗರಸಭೆಯೇ ಮೇಲಿನ ಊರುಗಳೊಂದಿಗೆ ಇದೇ ಬಗೆಯ ಒಪ್ಪಂದ ಮಾಡಿಕೊಂಡಿತು. ನೀರನ್ನೇ ಕಚ್ಚಾವಸ್ತುವಾಗಿ ಬಳಸುವ ಪಾನೀಯ ಕಂಪನಿಗಳೂ ಕೈಜೋಡಿಸಿದವು.

ಜಪಾನಿನ ಕಂಪನಿಗಳು ಊರಿಗೆ ಏನು ಕೊಡುತ್ತವೆ ಎಂಬ ಚರ್ಚೆಯಲ್ಲಿ ನಾನು ಮೊದಲು ಈ ಗದ್ದೆಗಳನ್ನು ಮುಂದಿಡಲು ಕಾರಣವಿದೆ. ಇದು ದಾನವಲ್ಲ. ಕಂಪನಿಯ ಹೆಸರಿನ ದೊಡ್ಡ ಫಲಕ, ಚೆಕ್ ಹಿಡಿದ ಫೋಟೊ ಇಲ್ಲಿ ಮುಖ್ಯವಲ್ಲ. ನೀರು ಬತ್ತಿದರೆ ಕಾರ್ಖಾನೆಯೂ ಮುಚ್ಚಬೇಕು. ಹಾಗಾಗಿ ಅದು ಊರಿನ ಹಂಗಿನಲ್ಲಿದೆ, ಆ ಹಂಗನ್ನು ಒಪ್ಪಿಕೊಂಡು ನಡೆಯುತ್ತಿದೆ. ಜಪಾನಿನಲ್ಲಿ ಕಂಪನಿಗಳ ಸಮಾಜಸೇವೆ ಎಲ್ಲಿ ಚೆನ್ನಾಗಿ ನಡೆದಿದೆಯೋ ಅಲ್ಲೆಲ್ಲ ಈ ಹಂಗು ಕಾಣುತ್ತದೆ. ಎಲ್ಲಿ ಅದು ತಿರುಗುಮುರುಗಾಗಿ ಊರೇ ಕಂಪನಿಯ ಹಂಗಿಗೆ ಬಿದ್ದಿದೆಯೋ ಅಲ್ಲಿ ಅನಾಹುತವಾಗಿದೆ.

ಭಾರತದಲ್ಲಿ ಈ ವಿಷಯ ಕಾನೂನಿನೊಳಗೆ ಬಂದಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಗಳಿಗೆ, ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಸ್ಥಳಕ್ಕೆ ಆದ್ಯತೆ ಕೊಡಬೇಕು. ಜಪಾನಿನಲ್ಲಿ ಇಂಥ ಕಡ್ಡಾಯವಿಲ್ಲ. ದೊಡ್ಡ ಉದ್ಯಮಗಳ ಒಕ್ಕೂಟ ಕೈದಾನ್‌ರೆನ್ 1990ರಲ್ಲಿ ‘ಶೇ 1 ಕ್ಲಬ್’ ಎಂದು ಶುರುಮಾಡಿ, ಲಾಭದಲ್ಲಿ ನೂರಕ್ಕೆ ಒಂದನ್ನು ಸಮಾಜಕ್ಕೆ ಕೊಡೋಣ ಎಂದು ಸದಸ್ಯರನ್ನು ಕರೆಯಿತು. ಅದು ಸ್ವಇಚ್ಛೆಯ ಮಾತು. ರೊಕ್ಕ ಉಕ್ಕಿ ಹರಿಯುತ್ತಿದ್ದ ಕಾಲವದು. ಮುಂದೆ ಷೇರು, ಜಮೀನಿನ ಬೆಲೆ ಕುಸಿದ ಮೇಲೆ ಕಲೆ, ಸಂಗೀತಕ್ಕೆ ಕೊಡುತ್ತಿದ್ದ ಕೈಗಳೂ ಹಿಂದೆ ಸರಿದವು. ಆದರೆ ಊರಿನೊಂದಿಗಿನ ನಂಟು ಅದಕ್ಕಿಂತ ಬಹಳ ಹಳೆಯದು.

ಒಕಾಯಾಮಾ ಪ್ರಾಂತ್ಯದ ಕುರಾಶಿಕಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ನೂಲಿನ ಗಿರಣಿಯ ವಸತಿಗೃಹದಲ್ಲಿ 1906ರಲ್ಲಿ ಟೈಫಾಯ್ಡ್ ಹರಡಿ ಕೆಲಸದ ಹೆಣ್ಣುಮಕ್ಕಳು ಸತ್ತರು. ಮಾಲೀಕರು ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅವರ ಮಗ ಓಹಾರಾ ಮಾಗೊಸಾಬುರೊ ಅಧ್ಯಕ್ಷರಾದರು. ಇಪ್ಪತ್ತಾರು ವರ್ಷದ ಈ ಯುವಕ ಮೊದಲು ಮಾಡಿದ್ದು ಊಟ, ವಸತಿಯ ಸುಧಾರಣೆ. ಜನರನ್ನು ಕುರಿಗಳಂತೆ ತುಂಬುತ್ತಿದ್ದ ದೊಡ್ಡ ಕೊಠಡಿಗಳ ಬದಲು ಚಿಕ್ಕ ಮನೆಗಳು ಬಂದವು. 1914ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ, 1919ರಲ್ಲಿ ಬಡತನದ ಕಾರಣ ಹುಡುಕಲು ಸಮಾಜ ಅಧ್ಯಯನ ಸಂಸ್ಥೆ, 1921ರಲ್ಲಿ ದುಡಿಮೆಯ ದಣಿವನ್ನು ಅಳೆಯುವ ಶ್ರಮವಿಜ್ಞಾನ ಸಂಸ್ಥೆ ಹುಟ್ಟಿದವು. 1923ರಲ್ಲಿ ತೆರೆದ ಆಸ್ಪತ್ರೆ ಕಾರ್ಮಿಕರಿಗಷ್ಟೇ ಅಲ್ಲ, ಊರಿನ ಎಲ್ಲರಿಗೂ ಬಾಗಿಲು ತೆಗೆಯಿತು. ಕುರಾಶಿಕಿ ಕೇಂದ್ರ ಆಸ್ಪತ್ರೆ ಎಂಬ ಹೆಸರಿನಲ್ಲಿ ಇವತ್ತಿಗೂ ಆ ಭಾಗದ ದೊಡ್ಡ ಆಸ್ಪತ್ರೆ ಅದೇ. 1930ರಲ್ಲಿ, ತಮ್ಮ ಗೆಳೆಯನಾಗಿದ್ದ ವರ್ಣಚಿತ್ರಕಾರ ಕೊಜಿಮಾ ತೊರಾಜಿರೊ ಯುರೋಪಿನಿಂದ ಆಯ್ದು ತಂದಿದ್ದ ಚಿತ್ರಗಳಿಗಾಗಿ ಓಹಾರಾ ಕಲಾ ಸಂಗ್ರಹಾಲಯ ಕಟ್ಟಿಸಿದರು. ಪಾಶ್ಚಾತ್ಯ ಕಲೆಗೆಂದೇ ಜಪಾನಿನಲ್ಲಿ ತೆರೆದ ಮೊದಲ ಸಂಗ್ರಹಾಲಯವದು, ಯುರೋಪಿನ ಹೆಸರಾಂತ ಹಳೆಯ ವರ್ಣಚಿತ್ರಕಾರ ಎಲ್ ಗ್ರೆಕೊನ ಒಂದು ಚಿತ್ರ ಅಲ್ಲಿದೆ. ರಾಜಧಾನಿಯಿಂದ ಇಷ್ಟು ದೂರದ ಗಿರಣಿ ಊರಿನಲ್ಲಿ!

ಗಿರಣಿ ಮಾಲೀಕನ ಉದಾರತೆ ಎಂದು ಇದನ್ನು ಮುಗಿಸಿಬಿಡಬಹುದು. ನನಗೆ ಹಾಗೆ ಅನಿಸುವುದಿಲ್ಲ. ಓಹಾರಾ ಮನೆತನ ಅದೇ ಊರಿನ ಭೂಮಾಲೀಕ ಮನೆತನ. ಸತ್ತ ಹುಡುಗಿಯರ ಸುದ್ದಿ ಊರಲ್ಲಿ ಎಲ್ಲರಿಗೂ ಗೊತ್ತು. ಬಿಟ್ಟುಹೋಗಲು ಬೇರೆ ಜಾಗವಿಲ್ಲ, ಮುಖ ತಪ್ಪಿಸಿಕೊಂಡು ತಿರುಗುವಂತೆಯೂ ಇಲ್ಲ. ಎಡೊ ಕಾಲದ (1603–1868) ಓಮಿ ಸೀಮೆಯ ವರ್ತಕರದ್ದೂ ಇದೇ ಕತೆ: ಪರ ಊರಿಗೆ ಹೋಗಿ ವ್ಯಾಪಾರ ಮಾಡುವವನು ಆ ಊರಿನವರಿಗೂ ಒಳ್ಳೆಯದಾಗುವಂತೆ ನಡೆಯದಿದ್ದರೆ ಮುಂದಿನ ವರ್ಷ ಅಲ್ಲಿ ಕಾಲಿಡಲಾಗುತ್ತಿರಲಿಲ್ಲ. ಮಾರುವವನಿಗೆ, ಕೊಳ್ಳುವವನಿಗೆ, ಸಮಾಜಕ್ಕೆ ಮೂವರಿಗೂ ಒಳಿತು ಎಂಬ ಅವರ ಪಾಠವನ್ನು ಇವತ್ತಿನ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಧಾರಾಳವಾಗಿ ಕಾಣಬಹುದು. ಇತೋಚು ಎಂಬ ದೈತ್ಯ ವ್ಯಾಪಾರ ಸಂಸ್ಥೆ 2020ರಲ್ಲಿ ಅದನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತು. ವರದಿಯಲ್ಲಿ ಬರೆಯುವುದು ಸುಲಭ ಅನ್ನಿ.

ದಿನನಿತ್ಯದಲ್ಲಿ ಕೊಡುಗೆ ಹೇಗಿರುತ್ತದೆ ಎಂಬುದು ವರದಿಗಳಿಗಿಂತ ಹೆಚ್ಚು ಕುತೂಹಲದ್ದು. ದೇವಸ್ಥಾನದ ಹಬ್ಬಕ್ಕೆ ಅಂಗಡಿ, ಕಂಪನಿಗಳು ವಂತಿಗೆ ಕೊಡುತ್ತವೆ. ಕೊಟ್ಟವರ ಹೆಸರು ಹಾಳೆಯ ಮೇಲೋ ಕಾಗದದ ದೀಪದ ಮೇಲೋ ಎಲ್ಲರಿಗೂ ಕಾಣುವಂತೆ ತೂಗುತ್ತದೆ. ನಮ್ಮ ಜಾತ್ರೆಗಳ ವಂತಿಗೆ ಪಟ್ಟಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅಓಮೊರಿಯ ನೆಬುತಾ ಹಬ್ಬದಲ್ಲಿ ಬೀದಿಯಲ್ಲಿ ಸಾಗುವ ಬೃಹತ್ ದೀಪಮೂರ್ತಿಗಳಲ್ಲಿ ಹಲವು ಹಿಟಾಚಿ, ರೈಲ್ವೆ, ಕೊರಿಯರ್ ಕಂಪನಿಗಳ ಹೆಸರಿನಲ್ಲೇ ತಯಾರಾಗುತ್ತವೆ, ಸಿಬ್ಬಂದಿಯೇ ಕುಣಿಯುತ್ತಾರೆ.

ಅದಕ್ಕಿಂತ ಮುಖ್ಯವಾದದ್ದು ಸ್ವಯಂಸೇವಕ ಅಗ್ನಿಶಾಮಕ ದಳ. ಹಳ್ಳಿಯಲ್ಲಿ ಬೆಂಕಿ ಬಿದ್ದರೆ, ಹೊಳೆ ಉಕ್ಕಿದರೆ, ಯಾರಾದರೂ ಗುಡ್ಡದಲ್ಲಿ ಕಾಣೆಯಾದರೆ ಸರ್ಕಾರಿ ದಳದ ಜೊತೆಗೆ ಓಡುವವರು ಊರಿನ ಈ ಸ್ವಯಂಸೇವಕರು. ಹಿಂದೆ ಇವರಲ್ಲಿ ಹೆಚ್ಚಿನವರು ರೈತರು, ಅಂಗಡಿಯವರು. ಕೆಲಸ ಬಿಟ್ಟು ಓಡಲು ಯಾರನ್ನೂ ಕೇಳಬೇಕಿರಲಿಲ್ಲ. ಈಗ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಮಂದಿ ಸಂಬಳದ ನೌಕರರು. ಸೈರನ್ ಕೂಗಿದಾಗ ಯಂತ್ರ ಬಿಟ್ಟು ಹೋಗಲು ಮೇಲಿನವರು ಒಪ್ಪಬೇಕು. ಹಾಗೆ ಒಪ್ಪಿ ಕಳುಹಿಸುವ ಕಂಪನಿಗಳಿಗೆ ಒಂದು ಗುರುತಿನ ಫಲಕ ಕೊಡುವ ಪದ್ಧತಿಯನ್ನು ಸರ್ಕಾರ 2007ರ ಹೊತ್ತಿಗೆ ತಂದಿತು. ಕೆಲವು ಪ್ರಾಂತ್ಯಗಳಲ್ಲಿ ಅಂಥವರಿಗೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ, ಕಾಮಗಾರಿ ಟೆಂಡರ್‌ಗಳಲ್ಲಿ ಹೆಚ್ಚಿನ ಅಂಕವೂ ಸಿಗುತ್ತದೆ. ಇಷ್ಟಾದರೂ 1950ರ ದಶಕದಲ್ಲಿ 20 ಲಕ್ಷದಷ್ಟಿದ್ದ ಈ ದಳದ ಬಲ 2024ಕ್ಕೆ ಏಳೂವರೆ ಲಕ್ಷಕ್ಕೂ ಕೆಳಗಿಳಿಯಿತು. ಹಣ ಕೊಡುವುದಕ್ಕಿಂತ ಮನುಷ್ಯನ ಸಮಯ ಕೊಡುವುದು ಕಂಪನಿಗೆ ಕಷ್ಟ.

ತನ್ನ ವ್ಯಾಪಾರವನ್ನೇ ಊರಿಗೆ ಆಸರೆಯಾಗುವಂತೆ ನಡೆಸಿದವರೂ ಇದ್ದಾರೆ. 2018ರ ಸೆಪ್ಟೆಂಬರ್ 6ರ ನಸುಕಿನಲ್ಲಿ ಹೊಕ್ಕೈಡೊದಲ್ಲಿ ಭೂಕಂಪವಾಗಿ ಇಡೀ ದ್ವೀಪದ ಕರೆಂಟ್ ಹೋಯಿತು. ಸುಮಾರು 29 ಲಕ್ಷ 50 ಸಾವಿರ ಮನೆಗಳು ಕತ್ತಲಲ್ಲಿ. ಆ ದಿನ ಸಪ್ಪೊರೊ ಮೂಲದ ಸೇಕೋಮಾರ್ಟ್ ಎಂಬ ಅಂಗಡಿ ಸರಣಿಯ ಸುಮಾರು 1,100 ಮಳಿಗೆಗಳಲ್ಲಿ ಶೇ 95ರಷ್ಟು ಬಾಗಿಲು ತೆರೆದವು. ಸಿಬ್ಬಂದಿ ತಮ್ಮ ಕಾರುಗಳನ್ನು ಅಂಗಡಿ ಮುಂದೆ ತಂದು ನಿಲ್ಲಿಸಿ, ಅದರ ಬ್ಯಾಟರಿಯಿಂದ ಬಿಲ್ಲಿನ ಯಂತ್ರಕ್ಕೆ ತಂತಿ ಎಳೆದರು. ಇದಕ್ಕೆ ಬೇಕಾದ ಸಲಕರಣೆ ಮೊದಲೇ ಮಳಿಗೆಗಳಲ್ಲಿತ್ತು. ಹಲವು ಮಳಿಗೆಗಳಲ್ಲಿ ಅಡುಗೆಮನೆಯಿದೆ, ಗ್ಯಾಸ್ ಒಲೆಯಿದೆ. ಅಲ್ಲಿ ಅನ್ನ ಬೇಯಿಸಿ ಬಿಸಿ ಉಂಡೆ ಕಟ್ಟಿ ಮಾರಿದರು. ಪುಕ್ಕಟೆಯಾಗಿ ಹಂಚಲಿಲ್ಲ, ಮಾರಿದರು. ಆದರೂ ಜನ ಅದನ್ನು ನೆನೆಯುವುದು ಉಪಕಾರವೆಂದೇ.

ಇದೇ ಸರಣಿ 2014ರಲ್ಲಿ ಶೊಸಾನ್‌ಬೆತ್ಸು ಎಂಬ, 1,200 ಚಿಲ್ಲರೆ ಜನರಿರುವ ಕಡಲತೀರದ ಹಳ್ಳಿಯಲ್ಲಿ ಮಳಿಗೆ ತೆರೆಯಿತು. ಅಲ್ಲಿದ್ದ ದಿನಸಿ ಅಂಗಡಿ ಮುಚ್ಚಿಹೋಗಿ, ಹಳ್ಳಿಯ ಆಡಳಿತವೇ ಬಂದು ಕೇಳಿಕೊಂಡಿತ್ತು. ಲೆಕ್ಕ ಹಾಕಿದರೆ ಅಷ್ಟು ಸಣ್ಣ ಊರಿನಲ್ಲಿ ಇಂಥ ಅಂಗಡಿ ನಡೆಯಬಾರದು. ಸೇಕೋಮಾರ್ಟ್ ಸ್ವಂತ ಕಾರ್ಖಾನೆ, ಸ್ವಂತ ಲಾರಿಗಳ ಜಾಲ ಇಟ್ಟುಕೊಂಡಿರುವುದರಿಂದ, ಹೇಗೂ ಆ ದಾರಿಯಲ್ಲಿ ಹೋಗುವ ಲಾರಿಯಿಂದ ಸರಕಿಳಿಸಿ ನಡೆಸಬಹುದು. ಹೊಕ್ಕೈಡೊದ ಹಳ್ಳಿಗಳು ಖಾಲಿಯಾದರೆ ಈ ಕಂಪನಿಗೆ ಹೋಗಲು ಬೇರೆಡೆಯಿಲ್ಲ. ಅದರ ಮಳಿಗೆಗಳಲ್ಲಿ ಬಹುತೇಕ ಎಲ್ಲವೂ ಆ ದ್ವೀಪದಲ್ಲೇ ಇವೆ. ಟೋಕಿಯೊದಲ್ಲಿ ಕುಳಿತು ದೇಶವೆಲ್ಲ ಮಳಿಗೆ ತೆರೆಯುವ ಸರಣಿಗೆ ಈ ಲೆಕ್ಕ ಹೊಳೆಯುವುದೇ ಕಷ್ಟ.

ಇನ್ನೊಂದು ದೊಡ್ಡ ಹೆಸರು ಯಮಾತೊ, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕಂಪನಿ. 2011ರ ಮಾರ್ಚ್ ಸುನಾಮಿಯ ನಂತರ ಅದರ ಸ್ಥಳೀಯ ಚಾಲಕರು ಮೇಲಿನ ಅಪ್ಪಣೆಗೆ ಕಾಯದೆ ಪರಿಹಾರ ಸಾಮಗ್ರಿ ಹೊತ್ತು ಶಿಬಿರಗಳಿಗೆ ಹೊರಟರು. ಯಾವ ಓಣಿಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಮುಖ್ಯ ಕಚೇರಿ ಅದನ್ನು ತಡೆಯಲಿಲ್ಲ. ಮುಂದೆ ಒಂದು ವರ್ಷ ಪ್ರತಿ ಪಾರ್ಸೆಲ್‌ಗೆ 10 ಯೆನ್ ತೆಗೆದಿಟ್ಟು ಸುಮಾರು 1,400 ಕೋಟಿ ಯೆನ್ ಕೊಟ್ಟಿತು, ಬಹುಪಾಲು ಮೀನುಗಾರಿಕೆ, ಬೇಸಾಯ ಮತ್ತೆ ತಲೆಯೆತ್ತಲು. ಕಂಪನಿಯ ಆ ವರ್ಷದ ಲಾಭದ ದೊಡ್ಡ ಪಾಲು ಅದು. ಮೊತ್ತ ದೊಡ್ಡದೇ, ಆದರೆ ಚಾಲಕರು ಮಾಡಿದ್ದನ್ನು ದುಡ್ಡು ಮಾಡುತ್ತಿರಲಿಲ್ಲ.

ಈಗ ಕತ್ತಲ ಬದಿ. ಕುಮಾಮೊಟೊ ಪ್ರಾಂತ್ಯದಲ್ಲೇ, ಶಿರಾನುಯಿ ಕಡಲ ದಂಡೆಯಲ್ಲಿ, ಮಿನಾಮಾತಾ ಇದೆ. 1908ರಲ್ಲಿ ಅಲ್ಲಿ ಕಾರ್ಖಾನೆ ತೆರೆದ ಚಿಸ್ಸೊ ಕಂಪನಿ ಊರಿಗೆ ಕೆಲಸ ಕೊಟ್ಟಿತು, ಆಸ್ಪತ್ರೆ ಕೊಟ್ಟಿತು. 1960ರ ಹೊತ್ತಿಗೆ ನಗರಸಭೆಯ ತೆರಿಗೆ ಆದಾಯದ ಅರ್ಧದಷ್ಟು ಅದೊಂದೇ ಕಂಪನಿಯಿಂದ ಬರುತ್ತಿತ್ತು. ಕಾರ್ಖಾನೆಯ ಮುಖ್ಯಸ್ಥರಾಗಿದ್ದವರೇ ಊರಿನ ಮೇಯರ್ ಆದರು. 1956ರ ಮೇ ತಿಂಗಳಲ್ಲಿ ವಿಚಿತ್ರ ನರರೋಗ ವರದಿಯಾಯಿತು. ಮೀನು ತಿಂದವರ ಕೈಕಾಲು ನಡುಗಿ, ಮಾತು ತೊದಲಿ ಸಾಯುತ್ತಿದ್ದರು. 1959ರಲ್ಲಿ ಕಂಪನಿ ಆಸ್ಪತ್ರೆಯ ವೈದ್ಯರೇ ಕಾರ್ಖಾನೆಯ ತ್ಯಾಜ್ಯ ನೀರು ಬೆರೆಸಿದ ಆಹಾರವನ್ನು ಬೆಕ್ಕಿಗೆ ಕೊಟ್ಟು, ಅದಕ್ಕೂ ಅದೇ ರೋಗ ಬಂದದ್ದನ್ನು ಕಂಡರು. ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ಅದೇ ವರ್ಷ ಮೀನುಗಾರರು ತ್ಯಾಜ್ಯ ನಿಲ್ಲಿಸಿ ಎಂದು ಎದ್ದಾಗ ಮೇಯರ್, ನಗರಸಭೆ, ವರ್ತಕರು, ಕಾರ್ಮಿಕ ಸಂಘದವರು ಕೂಡಿ ಗವರ್ನರ್ ಬಳಿಗೆ ನಿಯೋಗ ಹೋದರು. ತ್ಯಾಜ್ಯ ನಿಲ್ಲಿಸಿದರೆ ಕಾರ್ಖಾನೆ ನಿಲ್ಲುತ್ತದೆ, ಊರು ಮುಳುಗುತ್ತದೆ ಎಂಬುದು ಅವರ ಅಹವಾಲು. ರೋಗಿಗಳ ಪರವಾಗಿ ಅಲ್ಲ, ಕಾರ್ಖಾನೆಯ ಪರವಾಗಿ.

ವರ್ಷದ ಕೊನೆಗೆ ಚಿಸ್ಸೊ ರೋಗಿಗಳಿಗೆ ‘ಸಾಂತ್ವನದ ಹಣ’ ಕೊಡುವ ಕರಾರು ಮಾಡಿತು. ಸತ್ತವರಿಗೆ 3 ಲಕ್ಷ ಯೆನ್. ಮುಂದೆ ಕಂಪನಿಯದೇ ತಪ್ಪೆಂದು ಗೊತ್ತಾದರೂ ಹೆಚ್ಚಿನ ಪರಿಹಾರ ಕೇಳಬಾರದು ಎಂಬ ಷರತ್ತು ಅದರೊಳಗಿತ್ತು. ಪರಿಹಾರವನ್ನು ದಾನದ ವೇಷದಲ್ಲಿ ಕೊಟ್ಟರೆ ಹಕ್ಕು ಹೇಗೆ ಸಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ನನಗೆ ಗೊತ್ತಿಲ್ಲ. 1973ರಲ್ಲಿ ಕುಮಾಮೊಟೊ ಜಿಲ್ಲಾ ನ್ಯಾಯಾಲಯ ಆ ಕರಾರು ಊರ್ಜಿತವಲ್ಲ ಎಂದಿತು. ರೋಗಕ್ಕೆ ಕಾರಣವಾದ, ಪಾದರಸ ಬೆರೆತ ತ್ಯಾಜ್ಯ ನೀರು ಮಾತ್ರ 1968ರವರೆಗೂ ಕಡಲಿಗೆ ಹರಿದಿತ್ತು. ಊರಿಗೆ ಆಸ್ಪತ್ರೆ ಕಟ್ಟಿಕೊಟ್ಟವರನ್ನು ಪ್ರಶ್ನಿಸುವ ದನಿ ಊರಲ್ಲಿ ಉಳಿಯಲಿಲ್ಲ ಎಂಬುದೇ ಇಲ್ಲಿನ ಸಂಗತಿ. ಕುರಾಶಿಕಿಯಲ್ಲೂ ಕಂಪನಿ ಆಸ್ಪತ್ರೆ ಕಟ್ಟಿತ್ತು. ಕಟ್ಟಡಗಳನ್ನಷ್ಟೇ ಎಣಿಸಿದರೆ ಎರಡು ಊರುಗಳಿಗೆ ವ್ಯತ್ಯಾಸ ಕಾಣದು.

ಫುಟ್‌ಬಾಲಿನಲ್ಲಿ ಇದೇ ಪಾಠವನ್ನು ಕಡಿಮೆ ಬೆಲೆಗೆ ಕಲಿತರು. 1993ರಲ್ಲಿ ಜಪಾನಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಜೆ-ಲೀಗ್ ಶುರುವಾದಾಗ ತಂಡಗಳಲ್ಲಿ ಹೆಚ್ಚಿನವು ಕಂಪನಿ ತಂಡಗಳಾಗಿದ್ದವು. ಲೀಗಿನ ಅಧ್ಯಕ್ಷ ಕವಾಬುಚಿ ಸಬುರೊ ಪಟ್ಟು ಹಿಡಿದು ತಂಡದ ಹೆಸರಿನಿಂದ ಕಂಪನಿಯನ್ನು ತೆಗೆಸಿ ಊರನ್ನು ಇಡಿಸಿದರು. ಆದರೆ ಹಣದ ಚೀಲ ಕಂಪನಿಗಳ ಕೈಯಲ್ಲೇ ಉಳಿಯಿತು. 1998ರಲ್ಲಿ ಯೊಕೊಹಾಮಾ ಫ್ಲೂಗೆಲ್ಸ್ ತಂಡದ ಇಬ್ಬರು ಪೋಷಕರಲ್ಲಿ ಒಬ್ಬರಾದ ಕಟ್ಟಡ ಕಂಪನಿ ಕೈಬಿಟ್ಟಿತು, ತಂಡವನ್ನು ಅದೇ ನಗರದ ಎದುರಾಳಿ ತಂಡದಲ್ಲಿ ವಿಲೀನಗೊಳಿಸುವುದಾಗಿ ಹಠಾತ್ತನೆ ಘೋಷಿಸಲಾಯಿತು. ಆಟಗಾರರು ಆ ನಂತರ ಒಂದೂ ಪಂದ್ಯ ಸೋಲದೆ, 1999ರ ಜನವರಿ 1ರಂದು ದೇಶದ ದೊಡ್ಡ ಟೂರ್ನಿಯಾದ ಎಂಪರರ್ಸ್ ಕಪ್ ಗೆದ್ದರು; ಅಲ್ಲಿಗೆ ತಂಡ ಇಲ್ಲವಾಯಿತು. ಅಭಿಮಾನಿಗಳು ತಾವೇ ಹಣ ಹಾಕಿ ಯೊಕೊಹಾಮಾ ಎಫ್‌ಸಿ ಕಟ್ಟಿದರು. ಹಿರೋಶಿಮಾದವರು ಇದನ್ನು ಬಹಳ ಮೊದಲೇ ಮಾಡಿದ್ದರು: ಬಾಂಬ್ ಬಿದ್ದು ಆರು ವರ್ಷವೂ ಆಗಿರದ 1951ರಲ್ಲಿ, ತಮ್ಮ ಬೇಸ್‌ಬಾಲ್ ತಂಡ ಕಾರ್ಪ್ ಮುಳುಗುತ್ತಿದೆ ಎಂದಾಗ ಮೈದಾನದ ಬಾಗಿಲಲ್ಲಿ ಸಾಕೆ ಎಂಬ ಅಕ್ಕಿ ಮದ್ಯದ ಪೀಪಾಯಿ ಇಟ್ಟು ಚಿಲ್ಲರೆ ಕೂಡಿಸಿ ಉಳಿಸಿಕೊಂಡರು.

ಸರ್ಕಾರ ಈಗ ಹಿಡಿದಿರುವ ದಾರಿ ನನಗೆ ಅನುಮಾನ ಹುಟ್ಟಿಸುತ್ತದೆ. ಊರಿಗೆ ದೇಣಿಗೆ ಕೊಟ್ಟವರಿಗೆ ತೆರಿಗೆ ಉಳಿಸಿಕೊಡುವ ‘ತವರೂರ ತೆರಿಗೆ’ ಯೋಜನೆಗೆ 2016ರಲ್ಲಿ ಬಂದ ಕಂಪನಿ ಆವೃತ್ತಿಯ ಪ್ರಕಾರ, ಕಂಪನಿಯೊಂದು ಹಳ್ಳಿ-ಪಟ್ಟಣದ ಅಭಿವೃದ್ಧಿ ಯೋಜನೆಗೆ ಕನಿಷ್ಠ 1 ಲಕ್ಷ ಯೆನ್ ದೇಣಿಗೆ ಕೊಟ್ಟರೆ ತೆರಿಗೆಯಲ್ಲಿ ಕಡಿತ ಸಿಗುತ್ತದೆ. 2020ರಲ್ಲಿ ಈ ಕಡಿತವನ್ನು ದೇಣಿಗೆಯ ಸುಮಾರು ಶೇ 90ರವರೆಗೆ ಏರಿಸಲಾಯಿತು. ಅಂದರೆ 1 ಕೋಟಿ ಕೊಟ್ಟ ಕಂಪನಿಯ ಕೈಯಿಂದ ನಿಜವಾಗಿ ಹೋಗುವುದು 10 ಲಕ್ಷ, ಉಳಿದದ್ದು ಸಾರ್ವಜನಿಕ ಬೊಕ್ಕಸದ್ದು. 2023-24ರಲ್ಲಿ ಹೀಗೆ ಸುಮಾರು 4,700 ಕೋಟಿ ಯೆನ್ ಹರಿಯಿತು. ಇದರಲ್ಲಿ ಒಂದು ನಿಯಮವಿದೆ: ಮುಖ್ಯ ಕಚೇರಿ ಇರುವ ಊರಿಗೆ ಕೊಟ್ಟರೆ ಈ ರಿಯಾಯಿತಿ ಇಲ್ಲ. ದೊಡ್ಡ ನಗರಗಳ ಹಣ ಬಡ ಊರುಗಳಿಗೆ ಹೋಗಲಿ ಎಂಬ ಉದ್ದೇಶ ಒಳ್ಳೆಯದೇ. ಪರಿಣಾಮ ಮಾತ್ರ ವಿಚಿತ್ರ: ತನ್ನ ಊರಿನ ಋಣ ತೀರಿಸುವ ಕಂಪನಿಗೆ ಸಿಗದ ಬಹುಮಾನ, ನಂಟೇ ಇಲ್ಲದ ಊರಿಗೆ ಕೊಟ್ಟವನಿಗೆ ಸಿಗುತ್ತದೆ.

ನಂಟಿಲ್ಲದ ಹಣ ಏನಾಗಬಹುದು ಎಂಬುದು ಫುಕುಶಿಮಾ ಪ್ರಾಂತ್ಯದ ಕುನಿಮಿ ಎಂಬ ಪುಟ್ಟ ಪಟ್ಟಣದಲ್ಲಿ ಬಯಲಾಯಿತು. ಕಂಪನಿಗಳ ಗುಂಪೊಂದು ಅಲ್ಲಿಗೆ 43 ಕೋಟಿ 20 ಲಕ್ಷ ಯೆನ್ ದೇಣಿಗೆ ಕೊಟ್ಟಿತು. ಪಟ್ಟಣ ಆ ಹಣದಲ್ಲಿ ಆಂಬುಲೆನ್ಸ್‌ಗಳನ್ನು ಮಾಡಿಸಿ ಬೇರೆ ಊರುಗಳಿಗೆ ಬಾಡಿಗೆಗೆ ಕೊಡುವ ಯೋಜನೆ ಹಾಕಿ ಗುತ್ತಿಗೆ ಕೊಟ್ಟಿತು. ವಾಹನಗಳು ತಯಾರಾದದ್ದು ದೇಣಿಗೆ ಕೊಟ್ಟವರದೇ ಗುಂಪಿನ ಕಂಪನಿಯಲ್ಲಿ. ತೆರಿಗೆ ಉಳಿಯಿತು, ಕೊಟ್ಟ ಹಣ ವ್ಯಾಪಾರವಾಗಿ ಮನೆಗೆ ಮರಳಿತು. ಸೆಂಡೈನ ಪತ್ರಿಕೆ ಕಹೊಕು ಶಿಂಪೊ ಇದನ್ನು ಬಗೆದು ಬರೆದ ಮೇಲೆ ಪಟ್ಟಣದ ಸಭೆ ತನಿಖೆ ನಡೆಸಿತು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕುನಿಮಿಯ ಯೋಜನೆಗೆ ಕೊಟ್ಟಿದ್ದ ಮಾನ್ಯತೆಯನ್ನೇ ರದ್ದು ಮಾಡಿತು. 2025ರಲ್ಲಿ ನಿಯಮಗಳನ್ನು ಬಿಗಿಮಾಡಿ ಯೋಜನೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಲಾಗಿದೆ.

ಕರ್ನಾಟಕದವರಿಗೆ ಇದು ದೂರದ ಸುದ್ದಿಯಲ್ಲ. ಬಿಡದಿಯ ಟೊಯೊಟಾ ಕಾರ್ಖಾನೆಯ ಆವರಣದಲ್ಲಿ 2007ರಿಂದ ನಡೆಯುತ್ತಿರುವ ತರಬೇತಿ ಶಾಲೆಯಲ್ಲಿ ಹಳ್ಳಿಗಾಡಿನ ಬಡ ಮನೆಗಳ, ಹತ್ತನೇ ತರಗತಿ ಮುಗಿಸಿದ ಮಕ್ಕಳು ಮೂರು ವರ್ಷ ಅಲ್ಲೇ ಉಳಿದು ಕಸುಬು ಕಲಿಯುತ್ತಾರೆ. ಶೇ 2ರ ಕಾನೂನು ಬರುವ ಮೊದಲೇ ಶುರುವಾದದ್ದದು; ಕಾರ್ಖಾನೆಗೆ ನುರಿತ ಕೈಗಳು ಬೇಕಿದ್ದವು ಎಂಬ ಸ್ವಾರ್ಥವೂ ಅದರಲ್ಲಿದೆ. ಆ ಸ್ವಾರ್ಥ ಇರುವುದೇ ಒಳ್ಳೆಯದು ಎನ್ನುತ್ತೇನೆ. ನಮ್ಮ ಕಾನೂನು ಕಂಪನಿ ಎಷ್ಟು ಕೊಟ್ಟಿತು ಎಂದು ಲೆಕ್ಕ ಕೇಳುತ್ತದೆ. ಕೊಟ್ಟದ್ದನ್ನು ಪ್ರಶ್ನಿಸುವ ಬಲ ಊರಿಗೆ ಇದೆಯೇ ಎಂದು ಕೇಳುವುದಿಲ್ಲ.

ಆ ಬಲದ ಪರೀಕ್ಷೆ ಈಗ ಕಿಕುಯೊದಲ್ಲೇ ನಡೆದಿದೆ. ಸೋನಿಯ ಪಕ್ಕದಲ್ಲಿ ತೈವಾನಿನ ಟಿಎಸ್‌ಎಂಸಿ ನೇತೃತ್ವದ ಹೊಸ ಚಿಪ್ ಕಾರ್ಖಾನೆಯ ಉದ್ಘಾಟನೆ 2024ರ ಫೆಬ್ರವರಿಯಲ್ಲಿ ಆಯಿತು. ವರ್ಷಕ್ಕೆ ಸುಮಾರು 31 ಲಕ್ಷ ಟನ್ ಅಂತರ್ಜಲ ತೆಗೆಯುವ ಅಂದಾಜು ಅದರದು. ಹೆಚ್ಚು ನೀರೆತ್ತುವ ಉದ್ಯಮಗಳು ತೆಗೆದದ್ದರ ಹತ್ತನೇ ಒಂದು ಪಾಲು ಇಂಗಿಸಿದರೆ ಸಾಕೆಂದಿದ್ದ ಪ್ರಾಂತ್ಯ ಸರ್ಕಾರ, 2023ರಲ್ಲಿ ಮಾರ್ಗಸೂಚಿ ಬದಲಿಸಿ ತೆಗೆದಷ್ಟೇ ಇಂಗಿಸಬೇಕು ಎಂದಿತು. ಹೊಸ ಕಂಪನಿ ಅದಕ್ಕೆ ಒಪ್ಪಂದವನ್ನೂ ಮಾಡಿಕೊಂಡಿದೆ. ತೊಡಕೆಂದರೆ, ಕಾರ್ಖಾನೆಯ ಬೆನ್ನಿಗೆ ಬಂದ ಉಪ ಉದ್ಯಮಗಳು, ಮನೆಗಳು, ರಸ್ತೆಗಳಿಂದ ಆ ಸೀಮೆಯ ಜಮೀನಿನ ಬೆಲೆ ಏರಿದೆ, ಹೊಲಗಳು ಸೈಟುಗಳಾಗುತ್ತಿವೆ. ನೀರು ಇಂಗಿಸಲು ಕಂಪನಿಗಳ ಬಳಿ ಹಣವಿದೆ; ನೀರು ಕಟ್ಟುವ ನೆಲ ವರ್ಷ ವರ್ಷ ಕಿರಿದಾಗುತ್ತಿದೆ. ಆ ನೆಲವನ್ನು ಹೊಲವಾಗಿಯೇ ಉಳಿಸುವ ನಿರ್ಧಾರ ಕಂಪನಿಯ ಸಿಎಸ್‌ಆರ್ ವಿಭಾಗದ್ದಲ್ಲ, ಭೂಬಳಕೆಯ ನಕ್ಷೆಗೆ ಸಹಿ ಹಾಕುವ ಊರಿನ ಆಡಳಿತದ್ದು.